ಜ್ವರ ಇಲ್ಲದವರೂ ತಿನ್ನುವ ಬ್ರೆಡ್ಡು

ನ್ಯೂರೆಂಬರ್ಗ್, ಜರ್ಮನಿ

ತೀರ್ಥರೂಪ ಅಪ್ಪ, ಅವ್ವನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ಈಗ ಹೇಗಿದೆ? ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಸುಮ್ನೆ ಕೂತಿರುತ್ತಾರೋ, ಹೊಲಕ್ಕೆ ಹೋಗುತ್ತಾರೋ? ಎರಡನೆಯದೇ ಇರಬೇಕು.

ಅವ್ವಾ, ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಮಕ್ಕಳಿಗೆ ದಿನಾ ಬ್ರೆಡ್ ತಿನ್ನಸ್ತೀಯಂತ, ಅವಕ್ಕೇನು ಜ್ವರ ಬಂದಾವೇನ?" ಅಂತ. ಆಗ ನಕ್ಕು ಸುಮ್ಮನಾದೆ. ನಮ್ಮ ಮನೆಯಲ್ಲಿ ಬ್ರೆಡ್ ಅಂದರೆ ಬೇಕರಿಯ ಬಿಳಿ ಬ್ರೆಡ್ಡು, ಹಾಲಿನಲ್ಲಿ ಅದ್ದಿ ಕೊಡೋದು. ನಾನು ಮಾಡೋದು ಅದಲ್ಲ. ಬಾಯಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತೆ, ವೈನಿಯೂ ಓದಿಕೊಳ್ಳಲಿ ಅಂತ ಬರೆಯುತ್ತಿದ್ದೇನೆ. ಅವರ ಓವನ್ ಇನ್ನೂ ಕೇಕಿಗೆ ಮಾತ್ರ ಅಲ್ವಾ?

ರೊಟ್ಟಿ ಯಾಕೆ ಮಾಡಲ್ಲ ಅಂತ ನೀನು ಕೇಳೇ ಕೇಳ್ತೀಯ. ಜೋಳದ ಹಿಟ್ಟು ಇಲ್ಲಿ ಸಿಗುತ್ತೆ, ಆದರೆ ಎಷ್ಟು ತಿಂಗಳ ಹಿಂದೆ ಬೀಸಿದ್ದೋ ದೇವರೇ ಬಲ್ಲ. ಜಿಗಿಯೇ ಇರಲ್ಲ. ಬಡಿಯೋಕೆ ಶುರು ಮಾಡಿದರೆ ಅಂಚೆಲ್ಲ ಸೀಳುತ್ತೆ. ಡೋಣಿ ಹೊಳೆ ಹರಿದರೆ ಓಣೆಲ್ಲ ಜೋಳ ಅನ್ನೋ ಊರಿನವಳು ಆ ಸಣ್ಣ ಪ್ಯಾಕೆಟಿಗೆ ಅಷ್ಟು ರೊಕ್ಕ ಕೊಟ್ಟು ಮುರುಕು ರೊಟ್ಟಿ ತಿನ್ನೋದು ನನ್ನಿಂದ ಆಗಲ್ಲ.

ಇಲ್ಲಿನ ಅಂಗಡಿ ಬ್ರೆಡ್ ಕೆಟ್ಟದ್ದು ಅಂದರೆ ಸುಳ್ಳಾಗುತ್ತೆ. ಈ ದೇಶದಲ್ಲಿ ನೋಂದಣಿಯಾದ ಬ್ರೆಡ್ ಬಗೆಗಳೇ 3,000ಕ್ಕೂ ಜಾಸ್ತಿ. ರೈ ಅನ್ನೋ ಧಾನ್ಯದ ಕಪ್ಪು ಹುಳಿ ಬ್ರೆಡ್ಡು ನನಗೆ ಇಷ್ಟ. ನಿನ್ನ ಅಳಿಯನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲ್ಲ.

ಅಪ್ಪಾ, ಇದು ನಿಮಗೆ. ಇಲ್ಲಿ ಹಿಟ್ಟಿನ ಚೀಲದ ಮೇಲೆ 405, 550, 1050 ಅಂತ ನಂಬರ್ ಇರುತ್ತೆ. 100 ಗ್ರಾಂ ಹಿಟ್ಟನ್ನು ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತೆ ಅನ್ನೋ ಲೆಕ್ಕ ಅದು. ತೌಡು ಜಾಸ್ತಿ ಉಳಿದಷ್ಟೂ ಬೂದಿ ಜಾಸ್ತಿ. 405 ಅಂದರೆ ಹೆಚ್ಚು ಕಡಿಮೆ ನಮ್ಮ ಮೈದಾ. ಹಿಟ್ಟಿನ ಗುಣವನ್ನು ಬೂದಿಯಲ್ಲಿ ಅಳೆಯೋ ಜನ ಇವರು!

ಇನ್ನೊಂದು ಚೀಲದ ಮೇಲೆ ಎಮ್ಮರ್ ಅಂತ ಬರೆದಿತ್ತು. ಉದ್ದನೆಯ ಮೀಸೆಯ ತೆನೆಯ ಚಿತ್ರ. ನೋಡಿದ ಕೂಡಲೇ ಗುರುತು ಹತ್ತಿತು, ನಮ್ಮ ಸದಕ! ನೀವು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1029 ಬೀಜ ತಂದು ಬಾವಿ ಕಡೆ ಹೊಲಕ್ಕೆ ಹಾಕಿದ್ರಲ್ಲ, ಅದೇ ಜವೆ ಗೋಧಿ. ತಳಿ ಬೇರೆ, ಜಾತಿ ಒಂದೇ. ಇಲ್ಲೂ ಅದು ಹಿಂದಿನ ಕಾಲದ ಬೆಳೆ. ನಡುವೆ ಜನ ಬಿಟ್ಟೇಬಿಟ್ಟಿದ್ದರು, ಈಗ ಮತ್ತೆ ಬೆಳೆಯುತ್ತಾರೆ. ಒಕ್ಕಿದರೂ ಸಿಪ್ಪೆ ಬಿಡಲ್ಲ, ಬೇರೆಯಾಗಿ ಸುಲಿಸಬೇಕು, ಹಾಗಾಗಿ ತುಟ್ಟಿ. ಅವ್ವ ಹುಗ್ಗಿಗೆ ಕುಟ್ಟಿಸೋ ಗೋಧಿಯಿಂದ ನಾನು ಬ್ರೆಡ್ ಮಾಡ್ತೇನೆ, ಅಷ್ಟೇ ಸುದ್ದಿ.

ವೈನಿ, ಇನ್ನು ನಿಮಗೆ. ಸದಕದ ಹಿಟ್ಟು 250 ಗ್ರಾಂ, ಮೈದಾ 250 ಗ್ರಾಂ. ಸದಕದಲ್ಲಿ ಅಂಟು ಇರುತ್ತೆ, ಆದರೆ ಅದಕ್ಕೆ ಬಲ ಕಡಿಮೆ. ಅದೊಂದನ್ನೇ ಹಾಕಿದರೆ ಬ್ರೆಡ್ ಏಳಲ್ಲ, ಅಗಲಕ್ಕೆ ಹರಡಿಕೊಳ್ಳುತ್ತೆ. ಉಪ್ಪು 10 ಗ್ರಾಂ, ಒಣ ಯೀಸ್ಟ್ ಒಂದು ಸಣ್ಣ ಚಮಚ. ನೀರು 330 ಮಿಲಿಯಿಂದ ಶುರು ಮಾಡಿ. ಗಿರಣಿ ಹಿಟ್ಟು ನೀರು ಜಾಸ್ತಿ ಕುಡಿಯುತ್ತೆ, ಕೈಗೆ ಹದ ಸಿಗೋವರೆಗೆ ಸ್ವಲ್ಪ ಸ್ವಲ್ಪ ಸೇರಿಸಿ. ಚಪಾತಿ ಕಣಕಕ್ಕಿಂತ ಮೆತ್ತಗಿರಬೇಕು, ಕೈಗೆ ಅಂಟಬೇಕು. ಅಂಟಿತು ಅಂತ ಒಣಹಿಟ್ಟು ಸುರಿಯಬೇಡಿ, ಕೈ ಒದ್ದೆ ಮಾಡಿಕೊಳ್ಳಿ. ನಾದೋದೂ ಜಾಸ್ತಿ ಬೇಡ, ಈ ಗೋಧಿ ಅದನ್ನು ತಡೆಯಲ್ಲ.

ಅವ್ವಾ, ನೀನು ಪಕ್ಕದಲ್ಲಿ ನಿಂತು "ಎಸರು ಹಾಕು" ಅನ್ನಬೇಡ. ಜೋಳದಲ್ಲಿ ಗೋಧಿಯ ಅಂಟೇ ಇಲ್ಲ. ಕುದಿಯೋ ನೀರಿಗೆ ಹಿಟ್ಟು ಅರ್ಧ ಬೆಂದು ಜಿಗಿ ಬರಬೇಕು, ಅದಕ್ಕೇ ಎಸರು. ಯೀಸ್ಟಿಗೆ ಜೀವ ಇರುತ್ತೆ. ನೀರಿನ ಬಿಸಿ 60 ಡಿಗ್ರಿ ದಾಟಿದರೆ ಸತ್ತೇ ಹೋಗುತ್ತೆ. ಬೇಸಿಗೆಯಲ್ಲಂತೂ ಮಣ್ಣಿನ ಕೊಡದ ತಣ್ಣೀರೇ ಹಾಕಿ. ನನ್ನ ಅಡುಗೆಮನೆ ಚಳಿಗಾಲದಲ್ಲಿ 18 ಡಿಗ್ರಿ, ಹಿಟ್ಟು ಉಬ್ಬೋಕೆ ಗಂಟೆಗಟ್ಟಲೆ ಕಾಯ್ತೇನೆ. ವಿಜಯಪುರದ ಮೇ ತಿಂಗಳಲ್ಲಿ ನೀವು ಧಾರಾವಾಹಿ ನೋಡಿ ಏಳೋದರೊಳಗೆ ಅದು ಪರಾತ ಬಿಟ್ಟು ಹೊರಗೆ ಬಂದಿರುತ್ತೆ.

ಹಿಟ್ಟು ಎರಡರಷ್ಟು ಆದಮೇಲೆ ಉಂಡೆ ಮಾಡಿ ಇನ್ನೊಂದು ಅರ್ಧ ಗಂಟೆ ಬಿಡಿ. ಅಷ್ಟರಲ್ಲಿ ಮುಚ್ಚಳ ಇರೋ ದಪ್ಪ ಬೋಗುಣಿಯನ್ನು ಓವನ್ನಿನಲ್ಲಿ 230 ಡಿಗ್ರಿಗೆ ಕಾಯಿಸಿ. ಪ್ಲಾಸ್ಟಿಕ್ ಹಿಡಿ ಇರೋದು ಬೇಡ. ಉಂಡೆಯ ಮೇಲೆ ಬ್ಲೇಡಿನಿಂದ ಒಂದು ಗೀರು ಹಾಕಿ, ಇಲ್ಲದಿದ್ದರೆ ತನಗೆ ಬೇಕಾದ ಕಡೆ ಒಡೆಯುತ್ತೆ. ಕಾದ ಬೋಗುಣಿಯೊಳಗೆ ಇಟ್ಟು, ಮುಚ್ಚಳ ಮುಚ್ಚಿ ಓವನ್ನಿನಲ್ಲಿ 25 ನಿಮಿಷ, ಮುಚ್ಚಳ ತೆಗೆದು 20 ನಿಮಿಷ ಬೇಯಿಸಿ. ಮೊದಲು ಮುಚ್ಚೋದು ಯಾಕಂದರೆ ಹಿಟ್ಟಿನ ಹಬೆ ಒಳಗೇ ನಿಂತು ಮೇಲಿನ ಪದರ ಬೇಗ ಗಟ್ಟಿಯಾಗಲ್ಲ, ಬ್ರೆಡ್ ಪೂರ್ತಿ ಏಳುತ್ತೆ. ತಿರುಗಿಸಿ ತಳಕ್ಕೆ ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಆಯಿತು ಅಂತ. ಹೊರಗೆ ತೆಗೆದಿಟ್ಟ ಮೇಲೆ ಆರುತ್ತಾ ಆರುತ್ತಾ ಅದರ ಸಿಪ್ಪೆ ಚಿಟಿ ಚಿಟಿ ಅನ್ನುತ್ತೆ. ನನ್ನ ಮಗಳು ಕಿವಿ ಹತ್ತಿರ ಇಟ್ಟುಕೊಂಡು ಕೇಳ್ತಾಳೆ. ಒಂದು ಗಂಟೆಯಾದರೂ ಆರೋಕೆ ಬಿಡದೆ ಕತ್ತರಿಸಿದರೆ ಒಳಗೆ ಮೆತ್ತಗೆ ಅಂಟಂಟಾಗಿರುತ್ತೆ. ಆ ಒಂದು ಗಂಟೆ ಮಕ್ಕಳನ್ನು ತಡೆಯೋದೇ ಇದರಲ್ಲಿ ದೊಡ್ಡ ಕೆಲಸ.

ಕೆಳಗಿನ ಮನೆಯ ಅಜ್ಜಿಗೆ ಒಂದು ಬ್ರೆಡ್ ಕೊಟ್ಟಿದ್ದೆ. ಕತ್ತರಿಸೋಕೆ ಮುಂಚೆ ಅದನ್ನು ಬೋರಲು ಹಾಕಿ ಚಾಕುವಿನ ತುದಿಯಿಂದ ಶಿಲುಬೆ ಗುರುತು ಎಳೆದರು. ಈ ಕಡೆಯ ಹಳಬರ ಪದ್ಧತಿ ಅದು. ಮೊದಲ ರೊಟ್ಟಿ ಆಕಳಿಗೆ ತೆಗೆದಿಡೋ ನಿನಗೆ ಇದೇನು ಹೊಸದಲ್ಲ.

ನಾವು ತಿನ್ನೋದು ನಮ್ಮ ರೀತಿಯಲ್ಲೇ. ದೊಡ್ಡವನು ಬೆಣ್ಣೆ ಹಚ್ಚಿ ಅದರ ಮೇಲೆ ಶೇಂಗಾ ಹಿಂಡಿ ಉದುರಿಸ್ತಾನೆ. ಇವರಿಗೆ ಬದನೆಕಾಯಿ ಎಣ್ಣೆಗಾಯಿ ಜೊತೆ ಬೇಕು. ಎರಡು ದಿನ ಆಗಿ ಗಟ್ಟಿಯಾದರೆ ಬಳ್ಳೊಳ್ಳಿ, ಖಾರ, ಎಣ್ಣೆ ಹಾಕಿ ಮುಟಗಿ ಮಾಡ್ತೇನೆ. ಜೋಳದ ಮುಟಗಿಯ ರುಚಿ ಬರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಕಾಕಾನ ಮಗ ಮುಂದಿನ ತಿಂಗಳು ಬರುತ್ತಾನಂತೆ. ಅವನ ಕೈಯಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಕಳಿಸು. ತುಪ್ಪ, ಪೇಢೆ, ಕುಂದಾ ಬೇಡ. ಹಾಲಿನ ಪದಾರ್ಥ ತರೋಕೆ ಇಲ್ಲಿ ಬಿಡಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ. ಬಟ್ಟೆ ನಡುವೆ ಬಚ್ಚಿಟ್ಟು ಕಳಿಸಬೇಡ ಅವ್ವಾ, ನಿನಗೇ ಹೇಳ್ತಿದ್ದೇನೆ.

ವೈನಿ, ಬ್ರೆಡ್ ಮಾಡಿದ ದಿನ ಕತ್ತರಿಸಿ ಒಳಗಿನ ಫೋಟೋ ಕಳಿಸಿ. ಹೊರಗಿನ ಫೋಟೋ ನೋಡಿದರೆ ನನಗೆ ಏನೂ ಗೊತ್ತಾಗಲ್ಲ. ಅಣ್ಣನಿಗೆ ಕೇಳಿದೆ ಅಂತ ಹೇಳಿ. ದೊಡ್ಡವರಿಗೆ ನಮಸ್ಕಾರ, ಸಣ್ಣವರಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು