ಬಟ್ಟಿ ವಿಮಾನ ಮಾರಿದ ಸುದ್ದಿ

ಆಂಕರೇಜ್, ಅಲಾಸ್ಕಾ

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವಗ ಸಾಷ್ಟಾಂಗ ನಮಸ್ಕಾರ.

ನಾವು ಮೂವರೂ ಇಲ್ಲೆ ಆರಾಮ ಅದೀವಿ. ಅಪ್ಪನ ಮೊಣಕಾಲ ಹೆಂಗೈತಿ ಅಂತ ಅಣ್ಣಗ ಕೇಳಿದ್ರ, "ಮಗ್ಗದ ಕುಣಿಯೊಳಗ ಇಳಿಯೂದು ಇನ್ನೂ ಬಿಟ್ಟಿಲ್ಲ" ಅಂದ. ಇರ್ಲಿ, ಆ ಜಗಳ ಫೋನಿನ್ಯಾಗ ಮಾಡೂನು.

ನಾ ಹಳೇದ ತಂದು ರಿಪೇರಿ ಮಾಡಿದ ಸಣ್ಣ ವಿಮಾನ ಮಾರಿದೆ. ಹೋದ ಶನಿವಾರ ರೊಕ್ಕ ಬಂತು, ಕಾಗದಪತ್ರ ಮುಗದುವು, ಆಕಿ ಬಂದು ಹಾರಿಸ್ಕೊಂಡ ಹೋದ್ಲು. ಹೌದ್ರಿ, ಆಕಿ. ತಗೊಂಡಾಕಿ ಒಬ್ಬ ಹೆಣಮಗಳು, ಐವತ್ತರ ಮ್ಯಾಲಿನ ವಯಸ್ಸು. ಅಪ್ಪಾ, ನೀವು ಫೋನಿನ್ಯಾಗ ಕೇಳಿದ್ರಲ್ಲ, "ಬಟ್ಟಿ ವಿಮಾನ ಅಂತಿ, ನನ್ನ ವಾರಿಗಿದು ಅಂತಿ, ಅದನ್ನ ಯಾವ ಶ್ಯಾಣ್ಯಾ ತಗೋತಾನ?" ಅಂತ. ಅದಕ್ಕ ಫೋನಿನ್ಯಾಗ ಉತ್ತರ ಹೇಳಾಕ ಹೋದ್ರ ನಡುವ ಅವ್ವ ಊಟದ ಸುದ್ದಿ ತಗೀತಾಳ. ಅದಕ್ಕ ಈ ಪತ್ರ.

ಅದರ ಹೆಸರು ಪೈಪರ್ ಸೂಪರ್ ಕಬ್. ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಅನ್ನೋ ಊರಿನ ಕಾರ್ಖಾನಿಯೊಳಗ 1949ರಾಗ ಈ ಜಾತಿ ವಿಮಾನ ಸುರು ಆತು. ನಂದು 1956ರದು. ಎರಡ ಸೀಟು, ಒಂದರ ಹಿಂದ ಒಂದು. ಮುಂದ ಲೈಕಮಿಂಗ್ ಕಂಪನಿಯ ನಾಕ ಸಿಲಿಂಡರಿನ ಎಂಜಿನ್, 150 ಕುದುರಿ ಶಕ್ತಿದು. ರೆಕ್ಕಿ ಈ ತುದಿಯಿಂದ ಆ ತುದಿಗೆ 35 ಅಡಿ. ಪೆಟ್ರೋಲ್ ರೆಕ್ಕಿಯೊಳಗಿನ ಟ್ಯಾಂಕಿನಿಂದ ಎಂಜಿನ್ನಿಗೆ ತಾನಾ ಇಳದ ಬರತೈತಿ, ಪಂಪಿನ ಗೊಡವಿನ ಇಲ್ಲ. ಬಲಗಡೆ ಬಾಗಲಾ ಎರಡ ಹೋಳು: ಒಂದು ಮ್ಯಾಲ ರೆಕ್ಕಿಗೆ ಹೋಗಿ ಸಿಗಬೀಳತೈತಿ, ಇನ್ನೊಂದು ಕೆಳಗ ಮಡಚತೈತಿ. ಬಾಗಲಾ ತಗದಿಟ್ಟ ಹಾರಬಹುದು. ಇದನ್ನ ಅವ್ವಗ ಓದಿ ಹೇಳಬ್ಯಾಡ್ರಿ.

ಇಲ್ಲಿ ಇದು ಶ್ರೀಮಂತರ ಆಟಿಗಿ ಸಾಮಾನ ಅಲ್ಲ. ಅಲಾಸ್ಕಾದ ರಾಜಧಾನಿ ಜೂನೋಕ್ಕ ಹೊರಗಿನಿಂದ ರಸ್ತೆನ ಇಲ್ಲ, ಹಡಗಿನ್ಯಾಗ ಇಲ್ಲಾ ವಿಮಾನದಾಗ ಹೋಗಬೇಕು. ರಾಜಧಾನಿದ ಹಿಂಗಂದ್ರ ಹಳ್ಳಿ ಮಾತ ಬಿಡ್ರಿ. ರನ್‌ವೇ ಇರದ ಕಡೆ, ಹೊಳಿ ದಂಡಿ ಗರಸಿನ ಮ್ಯಾಲ ಇಳಿಯೂ ವಿಮಾನ ಬೇಕಾಗತೈತಿ. ಸೂಪರ್ ಕಬ್ ಭಾರ ಕಡಿಮಿ ಇದ್ದಾಗ ಇನ್ನೂರು ಮುನ್ನೂರು ಅಡಿ ಓಡೂದರಾಗ ನೆಲಾ ಬಿಡತೈತಿ. ಗಾಲಿಗೆ 31 ಇಂಚಿನ ಮೆತ್ತನ್ನ ಟೈರು, ಗಾಳಿ ಭಾಳ ಕಡಿಮಿ, ಕಲ್ಲಿನ ಮ್ಯಾಲ ಒತ್ತಿಕೋತ ಹೊಕ್ಕಾವು. ಚಳಿಗಾಲಕ್ಕ ಟೈರ್ ತಗದು ಹಿಮದ ಮ್ಯಾಲ ಜಾರೂ ಸ್ಕೀ ಹಾಕ್ತಾರ, ಬ್ಯಾಸಿಗಿಗೆ ನೀರಿನ ಮ್ಯಾಲ ಇಳಿಯೂ ಫ್ಲೋಟ್ ಹಾಕ್ತಾರ. ನಮ್ಮೂರಿನ ಲೇಕ್ ಹುಡ್ ಕೆರಿ ನೀವು ಒಮ್ಮೆ ನೋಡಬೇಕ್ರಿ ಅಪ್ಪಾ, ದಂಡಿಗುಂಟ ಸಾಲಕ ಸಾಲ ವಿಮಾನ ಕಟ್ಟಿರತಾರ.

ಇನ್ನ ಬಟ್ಟಿ ಮಾತು. ಒಳಗ ಸಣ್ಣ ಉಕ್ಕಿನ ನಳಿಗಿ ಬೆಸದ ಹಂದರ, ರೆಕ್ಕಿಯೊಳಗ ಅಲ್ಯೂಮಿನಿಯಂ ಎಲಬು, ಮ್ಯಾಲ ಬರೇ ಬಟ್ಟಿ. ಆಗಿನ ಕಾಲದಾಗ ಹತ್ತಿ ಬಟ್ಟಿ ಹೊದಸತಿದ್ರು. ಗ್ರೇಡ್ ಎ ಅಂತ ಅದಕ್ಕ ಹೆಸರು. ಇಂಚಿಗೆ ಉದ್ದಕ್ಕ ಹಾಸಿನ ಎಳಿ 80ಕ್ಕ ಕಡಿಮಿ ಇರಬಾರದು, ಅಡ್ಡಕ್ಕ ಹೊಕ್ಕೂ ಅಷ್ಟ. ಒಂದ ಇಂಚ ಅಗಲದ ಪಟ್ಟಿ 80 ಪೌಂಡ್ ಜಗ್ಗಿದ್ರೂ ಹರೀಬಾರದು, ನಮ್ಮ ಲೆಕ್ಕಕ್ಕ 36 ಕೆಜಿ. ಹಳೇದಾಗಿ 56 ಪೌಂಡಿಗಿಂತ ಕೆಳಗ ಇಳೀತಂದ್ರ ಮುಗೀತು, ಕಿತ್ತ ಹೊಸಾದ ಹೊದಸಬೇಕು. ಬಿಸಲಿಗೆ ಹತ್ತಿ ಲಗೂನ ಸಾಯತೈತಿ. ಅದಕ್ಕ ಈಗ ಎಲ್ಲಾರೂ ಪಾಲಿಸ್ಟರ್ ಹಾಕ್ತಾರ, ನಾನೂ ಅದನ್ನ ಹಾಕಿದೆ.

ಪಾಲಿಸ್ಟರ್ ಅಂದ ಕೂಡ್ಲೆ ನೀವು ಮಾರಿ ತಿರುವತೀರಿ, ಗೊತ್ತೈತಿ. ಪವರ್‌ಲೂಮಿನ ನಕಲಿ ಇಳಕಲ್ ಸೀರಿ ಮ್ಯಾಲಿನ ನಿಮ್ಮ ಸಿಟ್ಟು ನ್ಯಾಯದ್ದ ಐತಿ. ಆದ್ರ ರೆಕ್ಕಿಗೆ ಮಾತ್ರ ಅದನ್ನ ಒಪ್ಪಬೇಕು. ಯಾಕಂದ್ರ ಅದು ಕಾವಿಗೆ ಕುಗ್ಗತೈತಿ. ಅಂಚ ಗೋಂದಿಲೆ ಹಂದರಕ್ಕ ಹಚ್ಚಿ, ನಡುವ ಸ್ವಲ್ಪ ಸಡಲ ಬಿಟ್ಟು, ಮ್ಯಾಲ ಇಸ್ತ್ರಿ ಆಡಸಬೇಕು. ಮೊದಲ 250 ಡಿಗ್ರಿ ಫ್ಯಾರನ್‌ಹೀಟ್, ಕಡೀಕ 350. ಇಸ್ತ್ರಿ ಪೆಟ್ಟಿಗಿಗೆ ಥರ್ಮಾಮೀಟರ್ ಹಚ್ಚಿ ನೋಡಿನ ಕೈಯಾಗ ಹಿಡೀಬೇಕು, ಕಾವು ಹೆಚ್ಚಾತಂದ್ರ ನೂಲು ಸತ್ತ ಹೊಕ್ಕೈತಿ. ಸುಕ್ಕ ಎಲ್ಲಾ ಕಣ್ಣೆದುರಿಗೆ ಮಾಯ ಆಗಿ ಬಟ್ಟಿ ಬಿಗೀತಾ ಬರೂದ ನೋಡೂದು ಒಂದ ಸುಖ.

ಆಮ್ಯಾಲ ಹೊಲಿಗಿ. ಕೈ ಉದ್ದದ ಸೂಜಿ ರೆಕ್ಕಿ ಈ ಮಗ್ಗಲದಿಂದ ಚುಚ್ಚಿ ಆ ಮಗ್ಗಲಕ್ಕ ತಗೀಬೇಕು, ಅಲ್ಲಿ ಕುಂತವ್ರು ತಿರುಗಿ ಇತ್ತ ಕಳಸಬೇಕು. ಮೇಣ ಹಚ್ಚಿದ ದಾರ, ಒಂದೊಂದ ಎಲಬಿಗೂ ಸುಮಾರ ಎರಡೂವರಿ ಇಂಚಿಗೊಂದ ಗಂಟು, ಎಂಜಿನ್ ಮುಂದಿನ ಪಂಖಾದ ಗಾಳಿ ಬಡಿಯೂ ಕಡೆ ಇನ್ನೂ ಒತ್ತಾಗಿ. ಆ ಕಡೆ ಕುಂತಾಕಿ ನಿಮ್ಮ ಸೊಸಿ. "ಮಾವನವರ ಮಗ್ಗದ ಮುಂದ ಕುಂತಿದ್ರ ಇಷ್ಟೊತ್ತಿಗೆ ಒಂದ ಸೀರಿನರ ಮೈಮ್ಯಾಲ ಬರತಿತ್ತು" ಅಂತ ಬೈಕೋತ ಎರಡೂ ರೆಕ್ಕಿ ಮುಗಿಸ್ಯಾಳ. ಗಂಟಿನ ಮ್ಯಾಲ ಪಟ್ಟಿ ಅಂಟಿಸಿ, ಅದರ ಮ್ಯಾಲ ಅಲ್ಯೂಮಿನಿಯಂ ಪುಡಿ ಕಲಸಿದ ಬೆಳ್ಳಿ ಬಣ್ಣ, ಬಿಸಲು ನೂಲಿಗೆ ಮುಟ್ಟಬಾರದು ಅಂತ. ಕಣ್ಣಿಗೆ ಕಾಣೂ ಬಣ್ಣ ಎಲ್ಲಾಕ್ಕಿಂತ ಕಡೀಕ. ನಾ ಕೆನಿ ಬಣ್ಣಕ್ಕ ಕೆಂಪ ಪಟ್ಟಿ ಎಳದೆ. ಹಳದಿ ಹಚ್ಚಬೇಕಿತ್ತು ಅಂದವ್ರ ಭಾಳ ಮಂದಿ. ಹಳದಿ ಇದಕ್ಕಿಂತ ಹಿಂದಿನ ಜೆ-3 ಕಬ್ ಅನ್ನೂದರ ಬಣ್ಣ, ಇದಕ್ಯಾಕ ಅಂತ ನನ್ನ ವಾದ.

ಈಗ ನಿಮ್ಮ ಪ್ರಶ್ನೆಕ್ಕ ಬರತೀನಿ. ತಗೋಳವ್ರು ರೊಕ್ಕ ಕೊಡೂದು ಬಟ್ಟಿ ಕೆಳಗ ಇರೂದಕ್ಕ. ಆದ್ರ ಬಟ್ಟಿ ಹೊದಿಸಿದ ಮ್ಯಾಲ ಅದು ಯಾರಿಗೂ ಕಾಣೂದಿಲ್ಲ. ಈ ವ್ಯಾಪಾರದ ತೊಡಕ ಅಷ್ಟ. ನಾ ತಂದಾಗ ಬಾಲದ ಹತ್ರ ಕೆಳಗಿನ ನಳಿಗಿ ಒಳಗಿಂದ ಜಂಗ ತಿಂದಿತ್ತು. ಸ್ಕ್ರೂಡ್ರೈವರ್ ಒತ್ತಿದ್ರ ಒಳಗ ಹೋತು. ಅಷ್ಟ ತುಂಡ ಕೊಯ್ದು ಹೊಸಾ ನಳಿಗಿ ಬೆಸದ್ವಿ. ರೆಕ್ಕಿಗೆ ಆಸರ ಕೊಡೂ ಕೋಲೂ ಹಂಗ, ಒಳಗ ನೀರ ನಿಂತು ಸವೀತಾವು. ಅದಕ್ಕ ಇಲ್ಲಿನ ಸರಕಾರದ ಆದೇಶನ ಐತಿ: ಎರಡ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಸರಿ, ಇಲ್ಲಾ ನೀರ ಹೋಗದಂಗ ಪೂರ್ತಿ ಮುಚ್ಚಿ ಮಾಡಿದ ಹೊಸಾ ಕೋಲ ಹಾಕ್ಕೋರಿ. ನಾ ಹೊಸಾವ ಹಾಕಿದೆ. ಬಟ್ಟಿ ಹೊದಸೂಕಿಂತ ಮೊದಲ ಒಂದೊಂದ ಕೀಲಿಂದೂ ಫೋಟೋ ತಗದಿಟ್ಟೆ, ಪಕ್ಕದಾಗ ಅಳತಿಪಟ್ಟಿ ಇಟ್ಟು. ಅದರ ಜೊತಿ ಲಾಗ್‌ಬುಕ್ಕು: ವಿಮಾನದ್ದು ಬ್ಯಾರೆ, ಎಂಜಿನ್ನಿಂದು ಬ್ಯಾರೆ, ಪಂಖಾದ್ದು ಬ್ಯಾರೆ. 1956ರಿಂದ ಯಾರ ಏನ ಮಾಡ್ಯಾರ ಎಲ್ಲಾ ಅದರಾಗ ಐತಿ. ಒಮ್ಮೆ ಇಳಿಯೂ ಮುಂದ ಮುಗ್ಗರಿಸಿ ಬೋರಲ ಬಿದ್ದದ್ದೂ ಐತಿ. ಲಾಗ್‌ಬುಕ್ ಕಳಕೊಂಡ ವಿಮಾನದ ಬೆಲಿ ಅಲ್ಲೆ ಬಿದ್ದ ಹೊಕ್ಕೈತಿ, ಎಷ್ಟ ಮಿರಿಮಿರಿ ಅಂದ್ರೂ.

ಮೊದಲನೇ ಗಿರಾಕಿ ಕ್ಯಾಲಿಫೋರ್ನಿಯಾದವ. ಫೋಟೋ ನೋಡಿನ ಕೇಳಿದಷ್ಟ ಕೊಡ್ತೀನಂದ. ಹಳೇ ವಿಮಾನ ಕೂಡ್ಸಿಡೂ ಹವ್ಯಾಸ ಅವಂಗ, ಹೊರಗ ತಗಿಯೂದು ವರ್ಷಕ್ಕೊಮ್ಮೆ. ನಿಮ್ಮ ಸೊಸಿ "ಕೊಟ್ಟ ಬಿಡ್ರಿ" ಅಂದ್ಲು. ನನಗ ಮನಸ ಬರಲಿಲ್ಲ, ನಾಕ ದಿನ ತಡೀರಿ ಅಂದೆ. ಇನ್ನೊಬ್ಬ ಬಂದವ ಬಣ್ಣದ ಮ್ಯಾಲ ಕೈ ಆಡಿಸಿ, ಬೋರಲ ಬಿದ್ದ ಪುಟ ತೋರಿಸಿದ ಕೂಡ್ಲೆ ಅರ್ಧ ರೇಟಿಗೆ ಇಳದ. ಚಾ ಕುಡಿಸಿ ಕಳಿಸಿದೆ.

ಆಮ್ಯಾಲ ಈಕಿ ಬಂದ್ಲು. ಶೆಡ್ಡಿನೊಳಗ ಬಂದಾಕಿ ಎಂಜಿನ್ ಕಡೆನೂ ನೋಡಲಿಲ್ಲ. ಕಿಸೆದಾಗಿಂದ ಬ್ಯಾಟ್ರಿ, ಉದ್ದ ಹಿಡಿಕಿದ ಸಣ್ಣ ಕನ್ನಡಿ ತಗದು, ತಣ್ಣನ ಕಾಂಕ್ರೀಟಿನ ಮ್ಯಾಲ ಬಾಲದ ಬುಡಕ ಅಂಗಾತ ಮಲಗಿಬಿಟ್ಲು. ಬಟ್ಟಿಯೊಳಗ ಅಲ್ಲಲ್ಲೆ ಕೈ ಹೋಗೂವಷ್ಟ ಮುಚ್ಚಳ ಇರತಾವು. ಒಂದೊಂದ ತಗಿಸಿ, ಕನ್ನಡಿ ಒಳಗ ತೂರಿಸಿ, ಬೆಳಕ ಬಿಟ್ಟು, ಬೆಸಗಿ ಎಲ್ಲೆಲ್ಲಿ ಐತಿ ಅಂತ ಬೆರಳಿಲೆ ಮುಟ್ಟಿ ಮುಟ್ಟಿ ನೋಡಿದ್ಲು. "ಈ ತುಂಡ ಹೊಸಾದು, ಹಳೇದರ ಫೋಟೋ ಐತೇನು?" ಅಂದ್ಲು. ಕೊಟ್ಟೆ. ಮಲಗಿದಲ್ಲೆ ಫೋಟೋ ಎದಿ ಮ್ಯಾಲ ಇಟಗೊಂಡು ಮತ್ತ ಕನ್ನಡಿ ತೂರಿಸಿದ್ಲು. ಎದ್ದ ಮ್ಯಾಲ ಎಣ್ಣಿ ಡಬ್ಬಿ ಬೋರಲ ಹಾಕ್ಕೊಂಡು ಕುಂತು, ಲಾಗ್‌ಬುಕ್ ಮೊದಲ ಪುಟದಿಂದ ಓದಿದ್ಲು. ಬೋರಲ ಬಿದ್ದ ಪುಟಕ್ಕ ಬಂದಾಗ ತಲಿ ಎತ್ತಲಾರದ, "ಇಲ್ಲಿ ಕೆಲಸ ಮಾಡಿದ ವಿಮಾನ ಒಮ್ಮೆರ ಬಿದ್ದಿರತೈತಿ, ಬಿದ್ದಿಲ್ಲಂದ್ರ ಬರದಿಲ್ಲ ಅಂತ ತಿಳಕೋಬೇಕು" ಅಂದ್ಲು.

ಅಪ್ಪಾ, ಸೀರಿ ತಗೋಳಾಕ ಬಂದವ್ರು ಒಡಲಿನ ಬಣ್ಣ ನೋಡತಾರ, ಸೆರಗಿನ ತೋಪ ತೆನಿ ನೋಡತಾರ. ಸಾವಿರಕ್ಕ ಒಬ್ಬಾಕಿ ಒಡಲು ಸೆರಗು ಕೂಡಿದ ಕೊಂಡಿ ಮ್ಯಾಲ ಬೆರಳ ಆಡಸತಾಳ. ಅಂಥಾಕಿಗೆ ನೀವು ಕೇಳದನ ರೇಟ್ ಇಳಸತಿದ್ರಿ, ಅವ್ವ ಒಳಗಿಂದ ಕಣ್ಣ ಬಿಡತಿದ್ಲು. ನಾನೂ ಇಳಸಿದೆ. ನಿಮ್ಮ ಸೊಸಿನೂ ಹಂಗ ಕಣ್ಣ ಬಿಟ್ಲು.

ಮುಂದಿಂದು ಲಗೂನ ಆತು. ಆಕಿ ತನ್ನ ಮೆಕ್ಯಾನಿಕ್ಕನ್ನ ಕರಕೊಂಡ ಬಂದ್ಲು. ಅವ ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ತುಂಬಿ ಎಷ್ಟ ಹಿಡದ ನಿಲ್ಲತೈತಿ ನೋಡಿದ, ಎಣ್ಣಿ ಫಿಲ್ಟರ್ ಕೊಯ್ದು ಮಡಿಕಿ ಬಿಡಿಸಿ ಲೋಹದ ಚೂರ ಹುಡುಕಿದ, ಎಲ್ಲಾ ಬರೋಬ್ಬರಿ ಐತಿ ಅಂತ ತಲಿ ಅಲ್ಲಾಡಿಸಿ ಹೋದ. ಇಲ್ಲಿನ ವಿಮಾನದ ಖಾತೆ ಎಲ್ಲಾ ಒಕ್ಲಹೋಮ ಸಿಟಿಯೊಳಗ ಇರತಾವು. ಸಾಲದ ಬೋಜಾ ಏನೂ ಇಲ್ಲಂತ ಅಲ್ಲಿಂದ ಖಾತ್ರಿ ಮಾಡ್ಕೊಂಡ್ಲು, ರೊಕ್ಕ ನಡುವಿನವರ ಕಡೆ ಇಟ್ಲು, ನಾ ಮಾರಾಟದ ಕಾಗದಕ್ಕ ಸಹಿ ಹಾಕಿದೆ. ನಮ್ಮ ಹೊಲದ ಉತಾರಕ್ಕ ನೀವು ಅಡ್ಡಾಡಿದ್ದ ನೆನಪಾಗಿ ನಗು ಬಂತು.

ಆಕಿ ಊರಿಗೆ ರಸ್ತೆ ಇಲ್ಲ. ದಿನಸಿ, ಮೀನು, ಬಿದ್ದೆದ್ದವರನ್ನ ದವಾಖಾನಿಗೆ, ಎಲ್ಲಾ ಇದರಾಗನ ಅಂತ. "ನಿನ್ನ ಬಣ್ಣ ಒಂದ ವರ್ಷದಾಗ ಕೆಡಸತೀನಿ, ಬ್ಯಾಸರ ಮಾಡ್ಕೋಬ್ಯಾಡ" ಅಂದ್ಲು. ಕೆಡಸವ್ವ ತಾಯಿ, ಅದಕ್ಕಂತನ ಮಾಡಿದ್ದು ಅಂತ ಕನ್ನಡದಾಗನ ಅಂದೆ. ಏನ ತಿಳೀತೋ, ನಕ್ಕಳು. ನಾ ಮಾತ್ರ ಅದನ್ನ ಗರಸಿನ ಮ್ಯಾಲ ಇಳಸೂ ಮುಂದ ಬಣ್ಣದ ಚಿಂತಿ ಮಾಡತಿದ್ದೆ ಅನ್ನೂದು ಖರೆ.

ಯಾಕ ಮಾರಿದಿ ಅಂತ ಅಣ್ಣ ಕೇಳ್ಯಾನ. ಎರಡ ಸೀಟಿನ ವಿಮಾನ, ಮೂರ ಮಂದಿ ಸಂಸಾರ. ಶೆಡ್ಡಿನ ಬಾಡಿಗಿ, ವಿಮಾ, ವರ್ಷಾ ಮಾಡಸೂ ತಪಾಸಣಿ ಬ್ಯಾರೆ. ಕೂಸಿನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡ ಬರತೀನಿ ಅಂತ ನಿಮ್ಮ ಸೊಸಿ ಅಂದಾಗನ ಇದು ಮುಗೀತು ಅನಿಸ್ತು. ಅವ್ವಾ, ನಿನ್ನ ಹರಕಿ ಫಲಿಸೇತಿ. ಮಹಾಂತೇಶ ಮಠಕ್ಕ ಹೋಗಿ ಕಾಯಿ ಒಡಿಸ್ಕೊಂಡ ಬಾ.

ಎಷ್ಟಕ್ಕ ಮಾರಿದೆ ಅಂತ ಇದರಾಗ ಬರಿಯೂದಿಲ್ಲ. ಈ ಪತ್ರ ಓಣಿ ಎಲ್ಲಾ ಓದತೈತಿ, ನಾಳೆ ಕಾಕಾ ಟ್ರ್ಯಾಕ್ಟರಿನ ಸುದ್ದಿ ತಗೀತಾನ. ಮಗ್ಗದ ಮನಿ ತಗಡ ಬದಲ ಮಾಡಾಕ ಅಣ್ಣನ ಅಕೌಂಟಿಗೆ ಹಾಕೀನಿ, ಮಳಿ ಜೋರ ಆಗೂದರಾಗ ಮಾಡಿಸ್ಬಿಡ್ರಿ. ಒಂದೆರಡ ಹಾಳಿ ಗಾಜಿನಂಥ ಪಾರದರ್ಶಕ ಶೀಟ್ ಹಾಕಸ್ರಿ, ಅಪ್ಪಗ ಎಳಿ ಕಾಣಲಿ.

ಅಣ್ಣನ ದೋಸ್ತ ದೀಪಾವಳಿ ಮುಗಿಸಿ ಈ ಕಡೆ ಬರಾವ ಅದಾನಂತ. ಅವನ ಕೈಯಾಗ ಅಮೀನಗಡದ ಕರದಂಟು ಒಂದ ಕಿಲೋ ಸಾಕು, ಹೋದ ಸಲದಂಗ ಐದ ಕಿಲೋ ಹೊರಸಬ್ಯಾಡ್ರಿ. ವೈನಿಗೆ ಹೇಳ್ರಿ, ಕೂಸಿಗೆ ಗುಳೇದಗುಡ್ಡ ಖಣದ ಪರಕಾರ ಹೊಲಸೂ ಮುಂದ ಎರಡ ಬೆರಳ ಉದ್ದನ ಬಿಡಸಲಿ, ಭಾಳ ಲಗೂ ಬೆಳ್ಯಾಕತ್ಯಾಳ. ಬಣ್ಣ ಯಾವದರ ಆಗಲಿ, ದಡಿ ಮಾತ್ರ ಕೆಂಪ ಇರಲಿ.

ನಿಮ್ಮ ಸಣ್ಣ ಮಗ