ಕಾದಂಬರಿ ಬರೆಯುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟಿ,

ದಿನಕ್ಕೆ ಸಾವಿರ ಪದ ಆಗುತ್ತಿದೆ, ಆದರೆ ಕಥೆ ಎತ್ತಲೋ ಹೊರಟಿದೆ ಅಂದೆಯಲ್ಲ. ಬರೆಯೋದು ನಿಲ್ಲಿಸಿ ಮೊದಲು ಪ್ಲಾಟ್ ಸರಿ ಮಾಡಿಕೊಳ್ಳುತ್ತೀನಿ ಅಂತಲೂ ಅಂದೆ. ಅದೊಂದು ಬೇಡ.

ಆಂಥನಿ ಟ್ರೋಲಪ್ ಅಂತ ಇಂಗ್ಲೆಂಡಿನ ಕಾದಂಬರಿಕಾರ ಇದ್ದ. ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುತ್ತಿದ್ದ. ತನ್ನನ್ನು ಎಬ್ಬಿಸೋದಕ್ಕೇ ಆಳಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡುತ್ತಿದ್ದನಂತೆ! ಎದುರಿಗೆ ಗಡಿಯಾರ, ಕಾಲು ಗಂಟೆಗೆ 250 ಪದ. ಹೀಗೇ 47 ಕಾದಂಬರಿ ಬರೆದ. ಎಲ್ಲರೂ ಇಷ್ಟು ಹೇಳಿ ಬಿಡುತ್ತಾರೆ. ಆದರೆ 1883ರಲ್ಲಿ, ಅವನು ತೀರಿಕೊಂಡ ಮೇಲೆ, ಬಂದ ಆತ್ಮಕಥೆಯಲ್ಲಿ ಇನ್ನೊಂದು ಮಾತಿದೆ. ದಿನದ ಮೂರು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಅವನು ಹೊಸದೇನೂ ಬರೆಯುತ್ತಿರಲಿಲ್ಲ. ಹಿಂದಿನ ದಿನದ್ದನ್ನು ಓದುತ್ತಿದ್ದ, ಕಿವಿಗೆ ಹೇಗೆ ಕೇಳುತ್ತದೆ ಅಂತ ನೋಡುತ್ತಿದ್ದ. ಪ್ಲಾಟಿನ ಬಗ್ಗೆ ತಾನು ಅಷ್ಟೇನೂ ತಲೆ ಕೆಡಿಸಿಕೊಂಡವನಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಪಾತ್ರಗಳು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿರಬೇಕಿತ್ತು.

ನೀನು ಅವನಷ್ಟು ಧೈರ್ಯ ಮಾಡಬೇಕಿಲ್ಲ. ಹ್ಯಾರಿ ಪಾಟರ್ ಬರೆದ ಜೆ.ಕೆ. ರೋಲಿಂಗ್ ಗೆರೆ ಹಾಕಿದ ಹಾಳೆಯೊಂದರಲ್ಲಿ ಸಾಲಿಗೊಂದು ಅಧ್ಯಾಯ, ಪಕ್ಕದಲ್ಲಿ ಯಾವ ತಿಂಗಳು, ಯಾವ ಉಪಕಥೆ ಎಲ್ಲಿಗೆ ಬಂತು ಅಂತ ಕೈಯಲ್ಲೇ ಬರೆದಿಟ್ಟುಕೊಂಡಿದ್ದಳು. ನಿನಗೂ ಅಂಥ ಒಂದು ಹಾಳೆ ಸಾಕು.

ಈಗ ನಿನ್ನ ಕಥೆಗೆ ಬರೋಣ. ಎಂಟನೇ ಅಧ್ಯಾಯದಲ್ಲಿ ಶಾರದೆಯ ತಮ್ಮ ಮುಂಬೈಗೆ ಓಡಿಹೋಗಬೇಕಿತ್ತು. ಹೋಗಲಿಲ್ಲ. ಊಟದ ಮಧ್ಯೆ ತೋಟದಲ್ಲಿ ಪಾಲು ಕೇಳಿಬಿಟ್ಟ. ನೀನದನ್ನು ತಪ್ಪು ಅಂತಿದ್ದೀಯ. ನನಗಂತೂ ಇಡೀ ಪುಸ್ತಕದಲ್ಲಿ ಅವನು ಮನುಷ್ಯನ ಹಾಗೆ ಕಂಡಿದ್ದೇ ಅಲ್ಲಿ. ಹಾಗಂತ ಮೊದಲ ಅಧ್ಯಾಯಕ್ಕೆ ವಾಪಸ್ ಹೋಗಿ ರಿಪೇರಿಗೆ ಕೂರಬೇಡ. ಹಾಗೆ ಕೂತವರು ಮೊದಲ ಐವತ್ತು ಪುಟ ತಿದ್ದುತ್ತಲೇ ಇರುತ್ತಾರೆ, ಐವತ್ತೊಂದನೆಯದು ಬರೋದೇ ಇಲ್ಲ. ಹಾಳೆಯಲ್ಲಿ ಮೂರನೇ ಅಧ್ಯಾಯದ ಎದುರು ‘ರೈಲ್ವೆ ಟಿಕೆಟ್ಟಿನ ಮಾತು ಹೊಡೆದುಹಾಕಬೇಕು, ತೋಟದ ಪತ್ರ ಯಾರ ಹೆಸರಲ್ಲಿದೆ ಅಂತ ಹೇಳಬೇಕು’ ಅಂತ ಕೆಂಪು ಪೆನ್ನಲ್ಲಿ ಬರೆದುಕೋ. ಆಮೇಲೆ, ಅವನು ಮೊದಲಿಂದಲೂ ಪಾಲು ಕೇಳೋನೇ ಆಗಿದ್ದ ಅನ್ನೋ ಹಾಗೆ ಒಂಬತ್ತನೆಯದನ್ನು ಶುರು ಮಾಡು.

ಭಾನುವಾರ ಪದ ಎಣಿಸಬೇಡ. ಹಾಳೆ ಮುಂದಿಟ್ಟುಕೊಂಡು ಯಾವ ಎಳೆ ಎಲ್ಲಿ ಕೈಬಿಟ್ಟಿದೆ ಅಂತ ನೋಡು, ಅಷ್ಟೇ. ಅವತ್ತು ಲೆಕ್ಕ ಸೊನ್ನೆ ಬಂದರೆ ಬರಲಿ, ಸುಮ್ನೆ ಬೇಜಾರು ಮಾಡ್ಕೋಬೇಡ.

ಅಂದಹಾಗೆ, ಮಗ ಪಾಲು ಕೇಳಿದಾಗ ಬಡಿಸುತ್ತಾ ನಿಂತಿದ್ದ ಅಮ್ಮ ಏನೂ ಅನ್ನಲಿಲ್ಲವಾ? ನಾಳೆ ಅದನ್ನೇ ಬರೆದು ಕಳಿಸು.

ನಿನ್ನ,
ಅಪ್ಪ