ಗಾಡಿ ನಿಂತರೆ ಜಾಬ್ ಕಾರ್ಡಿನಲ್ಲಿ ಏನು ಬರೆಯುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಕಾರಿನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಹೊಸ ಮಾಡೆಲ್ ಯಾವುದು, ಬೆಲೆ ಎಷ್ಟು, ಲೀಟರಿಗೆ ಎಷ್ಟು ಓಡುತ್ತದೆ, ಎಲ್ಲ ಚೆನ್ನಾಗಿ ಬರೆಯುತ್ತೀರಿ. ಆದರೆ ಸಾಲ ಮಾಡಿ ತಂದ ಗಾಡಿ ನಡುದಾರಿಯಲ್ಲಿ ನಿಂತರೆ ಮಾಲೀಕ ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಏನು ಬರೆಸಿಕೊಳ್ಳಬೇಕು ಅನ್ನುವುದು ಮಾತ್ರ ಬರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಶಿರಸಿಯಲ್ಲಿ 18 ವರ್ಷದಿಂದ ಬಾಡಿಗೆ ಕಾರು ಓಡಿಸುತ್ತಿದ್ದೇನೆ. ನಮ್ಮ ಉತ್ತರ ಕನ್ನಡಕ್ಕೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಜನ ಕೇಳುತ್ತಿದ್ದಾರೆ, ನಿಮಗೇ ಗೊತ್ತು. ಅದು ಇಲ್ಲದ ಕಾರಣ ನಮ್ಮ ಬಾಡಿಗೆಯಲ್ಲಿ ಅರ್ಧಕ್ಕರ್ಧ ಆಸ್ಪತ್ರೆ ಬಾಡಿಗೆಯೇ. ಹುಬ್ಬಳ್ಳಿ, ಮಣಿಪಾಲ, ಮಂಗಳೂರು. ರಾತ್ರಿ ಹನ್ನೆರಡಕ್ಕೆ ಫೋನ್ ಬಂದರೂ ಹೊರಡಬೇಕು. ಹಾಗಾಗಿ ಗಾಡಿ ನಂಬಿಕೆಗೆ ಅರ್ಹ ಇರಬೇಕು ಅನ್ನುವುದು ನನಗೆ ಶೋಕಿಯ ಮಾತಲ್ಲ.

ಹಿಂದಿನ ಮಳೆಗಾಲದಲ್ಲಿ ಹೀಗೇ ಒಬ್ಬ ಹಿರಿಯರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಎದೆನೋವು. ಹಿಂದಿನ ಸೀಟಿನಲ್ಲಿ ಅವರು, ಅವರ ಹೆಂಡತಿ, ಮಗ. ದೇವಿಮನೆ ಘಟ್ಟ ಇಳಿಯುವಾಗ ಒಂದು ತಿರುವಿನಲ್ಲಿ ಇಂಜಿನ್ ಸುಮ್ನೆ ಆಫ್ ಆಯಿತು. ಯಾವ ಶಬ್ದವೂ ಇಲ್ಲ, ಡ್ಯಾಶ್‌ಬೋರ್ಡ್ ಪೂರ್ತಿ ಕತ್ತಲೆ. ಇಂಜಿನ್ ಆಫ್ ಆದರೆ ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಆಗುತ್ತದೆ, ಬ್ರೇಕ್ ಎರಡು ಸಲ ಒತ್ತುವಷ್ಟರಲ್ಲಿ ಗಟ್ಟಿಯಾಗುತ್ತದೆ. ಎರಡೂ ಕೈ ಹಾಕಿ ಸ್ಟೀರಿಂಗ್ ಎಳೆದು, ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿಯನ್ನು ಗುಡ್ಡದ ಕಡೆಗೆ ಒರಗಿಸಿ ನಿಲ್ಲಿಸಿದೆ. ಇನ್ನೊಂದು ಕಡೆ ಕಂದಕ. "ತಮಾ, ಎಂತ ಆತು?" ಅಂತ ಆ ಅಮ್ಮ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಹತ್ತು ನಿಮಿಷ ಬಿಟ್ಟು ಗಾಡಿ ತಾನೇ ಸ್ಟಾರ್ಟ್ ಆಯಿತು. ಹಿರಿಯರು ಉಳಿದರು, ಈಗ ಆರಾಮಾಗಿದ್ದಾರೆ.

ಗಾಡಿ ಯಾವ ಕಂಪನಿಯದು ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ದೂರು ಇನ್ನೂ ತೀರ್ಮಾನ ಆಗಿಲ್ಲ. ಅದು ಅಮೆರಿಕದ್ದಲ್ಲ ಅಂತಷ್ಟೇ ಹೇಳುತ್ತೇನೆ. ಯಾಕೆಂದರೆ ಮುಂದೆ ಅಮೆರಿಕದ ಒಂದು ಕಂಪನಿಯ ವಿಷಯ ಬರೆಯುವುದಿದೆ, ಎರಡನ್ನೂ ಯಾರೂ ಸೇರಿಸಬಾರದು.

ನಾನು ಮೂರು ಸಲ ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಹೋದೆ. ಹೋಗಿ ಬರಲು ಇನ್ನೂರು ಕಿಲೋಮೀಟರ್, ಪ್ರತಿ ಸಲವೂ ಒಂದು ದಿನದ ದುಡಿಮೆ ಹೋಯಿತು. ಸ್ಕ್ಯಾನರ್ ಹಾಕಿದರು, "ಎರರ್ ಕೋಡ್ ಏನೂ ಬರ್ತಿಲ್ಲ, ಗಾಡಿ ಓಕೆ" ಅಂದರು. ಡೀಸೆಲ್ ಎಲ್ಲಿ ಹಾಕಿಸುತ್ತೀರಿ ಅಂತ ಕೇಳಿದರು. ಘಟ್ಟದಲ್ಲಿ ಓಡಿಸಿದರೆ ಹಾಗೇ ಅಂದರು. ಇದೆಲ್ಲ ಹೋಗಲಿ. ಗಾಡಿಗೆ ಏನು ದೋಷ, ಏನು ಕೆಲಸ ಅಂತ ಸರ್ವಿಸ್ ಸೆಂಟರಿನವರು ಬರೆದುಕೊಡುವ ಕಾಗದಕ್ಕೆ ಜಾಬ್ ಕಾರ್ಡ್ ಅನ್ನುತ್ತಾರೆ. ಮನೆಗೆ ಬಂದು ಅದನ್ನು ನೋಡಿದರೆ ಮೂರರಲ್ಲೂ ಒಂದೇ ಸಾಲು: ಜನರಲ್ ಚೆಕಪ್. ಓಡುತ್ತಿರುವಾಗ ಇಂಜಿನ್ ಆಫ್ ಆಯಿತು ಅನ್ನುವ ಮಾತೇ ಇಲ್ಲ! ನಾನು ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಕಾಗದದ ಪ್ರಕಾರ ನನ್ನ ಗಾಡಿಗೆ ಏನೂ ಆಗಿಯೇ ಇಲ್ಲ.

ಕೊನೆಗೆ ದೋಷ ಹಿಡಿದವನು ನಮ್ಮ ಶಿರಸಿಯ ಮೆಕ್ಯಾನಿಕ್. ಅರ್ಧ ದಿನ ಬಗ್ಗಿ ಕೂತು ವೈರಿಂಗ್ ಪೂರ್ತಿ ಬಿಚ್ಚಿದ. ಒಂದು ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮಳೆಗೆ ನೀರು ಹೊಕ್ಕಿದೆ, ಕುಲುಕಿದಾಗ ಸಂಪರ್ಕ ತಪ್ಪುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಕೂಡುತ್ತದೆ. ಅದನ್ನು ಬದಲಿಸಿದ ಮೇಲೆ ಗಾಡಿ ಒಂದು ಸಲವೂ ನಿಂತಿಲ್ಲ. ಹೊನ್ನಾವರದ ಇನ್ನೊಬ್ಬ ಚಾಲಕರ ಹತ್ತಿರ ಇದೇ ಮಾಡೆಲ್ ಇದೆ. ಅವರದ್ದೂ ಇದೇ ಕಥೆ. ಹಾಗಾದರೆ ಇದು ನನ್ನ ಒಬ್ಬನ ಗಾಡಿಯ ದೋಷ ಅಲ್ಲ ಅಲ್ವಾ?

ಈ ವಿಷಯ ಮನೆಯಲ್ಲಿ ಮಾತಾಡುವಾಗ, ಇಂಜಿನಿಯರಿಂಗ್ ಓದುತ್ತಿರುವ ಮಗಳು "ಅಪ್ಪಾ, ಜನರಲ್ ಮೋಟರ್ಸ್‌ನಲ್ಲೂ ಥೇಟ್ ಹೀಗೇ ಆಗಿತ್ತು, ನಮಗೆ ಪಾಠದಲ್ಲಿ ಹೇಳಿದ್ದಾರೆ" ಅಂದಳು. ಅವಳು ಹೇಳಿದ ಮೇಲೆ ನಾನೂ ಹುಡುಕಿ ಓದಿದೆ. ಓದಿದಷ್ಟೂ ನಿದ್ದೆ ಹೋಯಿತು.

ಜನರಲ್ ಮೋಟರ್ಸ್ ಸಣ್ಣ ಕಂಪನಿಯಲ್ಲ. 1908ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಅನ್ನುವ ಊರಿನಲ್ಲಿ, ಅದಕ್ಕೂ ಮೊದಲು ಕುದುರೆಗಾಡಿ ಮಾಡಿಸಿ ಮಾರುತ್ತಿದ್ದ ವಿಲಿಯಂ ಡುರಾಂಟ್ ಶುರು ಮಾಡಿದ್ದು. ಷೆವರ್ಲೆ ಇದರದ್ದೇ. ಎಪ್ಪತ್ತಕ್ಕೂ ಜಾಸ್ತಿ ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ಕಾರು ಮಾರಿದ ಕಂಪನಿ. ಭಾರತಕ್ಕೆ ಅದು ಮೊದಲು ಬಂದದ್ದು 1928ರಲ್ಲಿ, ಮುಂಬಯಿಯಲ್ಲಿ ಕಾರು ಜೋಡಿಸುತ್ತಿತ್ತು. 1954ರಲ್ಲಿ ನಿಲ್ಲಿಸಿ ಹೋಯಿತು. ತೊಂಬತ್ತರ ದಶಕದಲ್ಲಿ ಮತ್ತೆ ಬಂದು ಗುಜರಾತಿನ ಹಾಲೋಲ್‌ನಲ್ಲಿ ಕಾರ್ಖಾನೆ ನಡೆಸಿತು, 2017ರ ಕೊನೆಗೆ ಇಲ್ಲಿ ಕಾರು ಮಾರುವುದನ್ನು ಪೂರ್ತಿ ನಿಲ್ಲಿಸಿತು. ನಾನು ಚಾಲಕನಾಗಿ ಮೊದಲು ಓಡಿಸಿದ್ದು ನಮ್ಮ ಮಾಲೀಕರ ಷೆವರ್ಲೆ ಟವೇರಾ. ಆ ಗಾಡಿ ನಮಗೆ ಅನ್ನ ಹಾಕಿದೆ, ಅದನ್ನು ಮರೆಯುವವನಲ್ಲ ನಾನು. ಆದರೆ 2013ರಲ್ಲಿ ಕಂಪನಿ 1.14 ಲಕ್ಷ ಟವೇರಾಗಳನ್ನು ವಾಪಸ್ ಕರೆಯಬೇಕಾಯಿತು. 2005ರಿಂದ ಮಾಡಿದ ಗಾಡಿಗಳು ಅವು. ಹೊಗೆ ಪರೀಕ್ಷೆಗೆ ಕೊಡುವ ಗಾಡಿಗಳಿಗೆ ಕಂಪನಿಯ ಕೆಲವು ನೌಕರರೇ ಕಡಿಮೆ ಹೊಗೆ ಬಿಡುವ, ಆರಿಸಿದ ಇಂಜಿನ್ ಹಾಕಿ ಪಾಸ್ ಮಾಡಿಸುತ್ತಿದ್ದರು.

ಅದಕ್ಕಿಂತ ದೊಡ್ಡದು ಅಮೆರಿಕದಲ್ಲೇ ಆದದ್ದು. ಕೀ ಹಾಕಿ ತಿರುಗಿಸುತ್ತೇವಲ್ಲ, ಆ ಇಗ್ನಿಷನ್ ಸ್ವಿಚ್. ಒಂದು ಡಾಲರ್ ಕೂಡ ಬೀಳದ ವಸ್ತು. ಎಷ್ಟು ಬಿಗಿ ಇರಬೇಕು ಅಂತ ಕಂಪನಿಯೇ ಇಟ್ಟ ಅಳತೆಗಿಂತ ಅದು ಸಡಿಲ ಇತ್ತು, ಗೊತ್ತಿದ್ದೂ 2002ರಲ್ಲಿ ಒಪ್ಪಿಗೆ ಕೊಟ್ಟರು. ಷೆವರ್ಲೆ ಕೋಬಾಲ್ಟ್‌ನಂತಹ ಸಣ್ಣ ಕಾರುಗಳಿಗೆ ಅದನ್ನೇ ಹಾಕಿದರು. ಕೀ ಬಂಚ್ ಭಾರ ಇದ್ದರೆ, ಗುಂಡಿಗೆ ಬಿದ್ದು ಕುಲುಕಿದರೆ, ಮೊಣಕಾಲು ತಾಗಿದರೂ ಸಾಕು, ಕೀ ಹಿಂದಕ್ಕೆ ಜಾರಿ ಇಂಜಿನ್ ಆಫ್. ಸ್ಟೀರಿಂಗ್ ಗಟ್ಟಿ. ಎಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್ ಬಿಚ್ಚುವುದಿಲ್ಲ. ಜನ ದೂರು ಕೊಟ್ಟರು. ಕಂಪನಿ 2005ರಲ್ಲಿ ಡೀಲರುಗಳಿಗೆ ಒಂದು ಸೂಚನೆ ಕಳಿಸಿತು: ಕೀ ಬಂಚಿನಿಂದ ಬೇಡದ ವಸ್ತು ತೆಗೆಯಲು ಗ್ರಾಹಕರಿಗೆ ಹೇಳಿ. ಅಷ್ಟೇ! ನಮ್ಮಲ್ಲಿ ಮಾರಿಕಾಂಬೆಯ ಫೋಟೋ ಇರುವ ಕೀ ಚೈನ್, ಮನೆ ಕೀ, ಗೋದಾಮಿನ ಕೀ ಎಲ್ಲ ಒಂದೇ ಬಂಚಿನಲ್ಲಿ ಇರುವುದಿಲ್ಲವೇ? ಅಲ್ಲಿನವರೂ ಹಾಗೇ. ಅದು ಜನರ ತಪ್ಪಾ?

2006ರಲ್ಲಿ ಸ್ವಿಚ್ಚನ್ನು ಸರಿ ಮಾಡಿದರು, ಆದರೆ ಪಾರ್ಟ್ ನಂಬರ್ ಬದಲಿಸಲಿಲ್ಲ. ಬಿಡಿಭಾಗದ ಅಂಗಡಿಗೆ ಹೋಗಿ ಗೊತ್ತಿರುವ ಯಾರಿಗಾದರೂ ಇದು ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಾಗಿಲ್ಲ. ಹಳೆಯದೂ ಹೊಸದೂ ಒಂದೇ ನಂಬರ್ ಇದ್ದರೆ ಯಾವ ಗಾಡಿಯಲ್ಲಿ ಯಾವುದಿದೆ ಅಂತ ಯಾರಿಗೆ ಗೊತ್ತಾಗುತ್ತದೆ? 2007ರಲ್ಲಿ ಅಲ್ಲಿನ ಸರ್ಕಾರದ ವಾಹನ ಸುರಕ್ಷತಾ ಇಲಾಖೆಯಲ್ಲಿ ಒಬ್ಬ ಅಧಿಕಾರಿ ತನಿಖೆ ಮಾಡೋಣ ಅಂದರು, ಇಲಾಖೆ ಬೇಡ ಅಂದಿತು. 2010ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಕೋಬಾಲ್ಟ್ ಓಡಿಸುತ್ತಿದ್ದ ಒಬ್ಬ ಯುವತಿ ಸತ್ತಳು. ಕೆಲವೇ ದಿನ ಮೊದಲು, ಗಾಡಿ ಓಡುತ್ತಿರುವಾಗಲೇ ಆಫ್ ಆಯಿತು ಅಂತ ಅವಳು ಡೀಲರ್ ಹತ್ತಿರ ಹೋಗಿದ್ದಳು. ಇದನ್ನು ಓದಿದಾಗ ನನ್ನ ಮೂರು ಜಾಬ್ ಕಾರ್ಡುಗಳನ್ನು ತೆಗೆದು ಟೇಬಲ್ ಮೇಲೆ ಇಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ.

ಅವಳ ತಂದೆ ತಾಯಿ ಕೋರ್ಟಿಗೆ ಹೋದರು. ಅವರ ಕಡೆಯ ಇಂಜಿನಿಯರ್ ಮಾಡಿದ್ದು ಬಹಳ ಸರಳ ಕೆಲಸ. ಅಂಗಡಿಯಿಂದ ಅದೇ ನಂಬರಿನ ಹೊಸ ಸ್ವಿಚ್ ತಂದು, ಅಪಘಾತದ ಗಾಡಿಯ ಸ್ವಿಚ್ ಪಕ್ಕ ಇಟ್ಟು ಬಿಚ್ಚಿ ನೋಡಿದರು. ಒಳಗಿನ ಸಣ್ಣ ಪಿನ್ನು, ಸ್ಪ್ರಿಂಗ್ ಹೊಸದರಲ್ಲಿ ಉದ್ದ ಇದ್ದವು. ಗುಟ್ಟು ಅಲ್ಲಿಗೆ ಬಯಲಾಯಿತು. ನಮ್ಮ ಮೆಕ್ಯಾನಿಕ್ ಕನೆಕ್ಟರ್ ಬಿಚ್ಚಿ ನೋಡಿದ ಹಾಗೇ. 2014ರಲ್ಲಿ ಕಂಪನಿ 26 ಲಕ್ಷ ಕಾರುಗಳನ್ನು ಈ ಸ್ವಿಚ್ಚಿಗಾಗಿ ವಾಪಸ್ ಕರೆಯಿತು. ಇದಕ್ಕಾಗಿ ಕಂಪನಿ ಇಟ್ಟ ಪರಿಹಾರ ನಿಧಿ ಒಪ್ಪಿದ ಲೆಕ್ಕದಲ್ಲೇ 124 ಸಾವು. 2015ರಲ್ಲಿ ಸರ್ಕಾರಕ್ಕೆ 90 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು.

ಇದೇ ಕಂಪನಿಯ ಹಳೆಯ ಕಥೆಯೂ ಇದೆ. 1960ರ ಷೆವರ್ಲೆ ಕೊರ್ವೇರ್ ಕಾರು ತಿರುವಿನಲ್ಲಿ ಹಿಡಿತ ತಪ್ಪುತ್ತದೆ ಅಂತ ಮಾಲೀಕರು ನೂರಕ್ಕೂ ಜಾಸ್ತಿ ಕೇಸ್ ಹಾಕಿದ್ದರು. ಅದರ ಬಗ್ಗೆ ಬರೆದ ರಾಲ್ಫ್ ನೇಡರ್ ಅನ್ನುವ ಯುವ ವಕೀಲರ ಹಿಂದೆ ಕಂಪನಿ ಪತ್ತೇದಾರರನ್ನು ಬಿಟ್ಟಿತು. 1966ರಲ್ಲಿ ಸೆನೆಟ್ ಮುಂದೆ ಕಂಪನಿಯ ಅಧ್ಯಕ್ಷರೇ ಕ್ಷಮೆ ಕೇಳಿದರು, ಅದೇ ವರ್ಷ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು. ಆಮೇಲೆ 1978ರಲ್ಲಿ ಇದೇ ಕಂಪನಿಯ ಓಲ್ಡ್ಸ್‌ಮೊಬೈಲ್ ಡೀಸೆಲ್ ಕಾರುಗಳು. ಡೀಸೆಲ್‌ನಲ್ಲಿ ಸೇರಿದ ನೀರು ಬೇರೆ ಮಾಡುವ ಸೆಪರೇಟರನ್ನೇ ಹಾಕಿರಲಿಲ್ಲ, ನಮ್ಮಲ್ಲಿ ಯಾವ ಹುಡುಗನೂ ಅದನ್ನು ಬಿಡುವುದಿಲ್ಲ. ಕೆಟ್ಟ ಕಾರಿಗೆ ಅಲ್ಲಿ ಆಡುಮಾತಿನಲ್ಲಿ "ಲೆಮನ್" ಅನ್ನುತ್ತಾರೆ, ಅಂದರೆ ನಿಂಬೆಹಣ್ಣು. ನಾವು ಹೊಸ ಗಾಡಿಯ ನಾಲ್ಕು ಚಕ್ರಕ್ಕೆ ಇಡುವ ಅದೇ ನಿಂಬೆಹಣ್ಣು. ಒಂದೇ ದೋಷ ಮತ್ತೆ ಮತ್ತೆ ರಿಪೇರಿ ಮಾಡಿದರೂ ಹೋಗದಿದ್ದರೆ ಕಾರು ಬದಲಿಸಿಕೊಡಬೇಕು ಅಥವಾ ಹಣ ವಾಪಸ್ ಕೊಡಬೇಕು ಅಂತ 1982ರಲ್ಲಿ ಕನೆಕ್ಟಿಕಟ್ ರಾಜ್ಯ ಕಾನೂನು ಮಾಡಿತು. ಅದರ ಹೆಸರೇ ಲೆಮನ್ ಕಾನೂನು. ಈಗ ಅಲ್ಲಿ ಎಲ್ಲ ರಾಜ್ಯಗಳಲ್ಲೂ ಅಂಥದ್ದು ಇದೆ. ನಮ್ಮಲ್ಲಿ ಇಲ್ಲ. ಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅಂತಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನುವ ಕಲಂ ಸೇರಿಸಿದ್ದಾರೆ. ಒಂದು ಮಾಡೆಲ್‌ನ ಇಂತಿಷ್ಟು ಮಾಲೀಕರು ಒಂದೇ ದೋಷದ ದೂರು ಕೊಟ್ಟರೆ, ಗಾಡಿಗಳನ್ನು ವಾಪಸ್ ಕರೆಯಿರಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಮಾಡಬಹುದು. ಇಲ್ಲಿ ಮುಖ್ಯ ಆಗುವುದು ಲೆಕ್ಕ. ಜನರಲ್ ಚೆಕಪ್ ಅಂತ ಬರೆದ ಜಾಬ್ ಕಾರ್ಡ್ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾನು ಒಂದು, ಹೊನ್ನಾವರದವರು ಒಂದು, ಕಾರವಾರದಲ್ಲಿ ಇನ್ಯಾರೋ ಒಂದು, ಎಲ್ಲ ಬಾಯಿಮಾತಿನಲ್ಲೇ ಉಳಿದರೆ ಹತ್ತು ಸಾವಿರ ಗಾಡಿ ನಿಂತರೂ ದೆಹಲಿಯಲ್ಲಿ ಸೊನ್ನೆ.

ಇನ್ನೊಂದು ಮಾತು ನಮ್ಮ ಚಾಲಕ ಅಣ್ಣತಮ್ಮಂದಿರಿಗೆ. "ನಿಮ್ಮದು ಹಳದಿ ಬೋರ್ಡು, ಗ್ರಾಹಕರ ಕೋರ್ಟು ನಿಮಗಲ್ಲ" ಅಂತ ನನಗೆ ಹೇಳಿದರು. ನಾನು ಅದನ್ನು ನಂಬಿ ಎಂಟು ತಿಂಗಳು ಸುಮ್ನೆ ಕೂತೆ. ಅದು ತಪ್ಪು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ಗಾಡಿ ಇಟ್ಟುಕೊಂಡವನೂ ಗ್ರಾಹಕನೇ ಅಂತ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲೇ ಬರೆದಿದೆ. ಎರಡು ವರ್ಷದ ಒಳಗೆ ದೂರು ಕೊಡಬೇಕು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ಗ್ರಾಹಕರ ಕೋರ್ಟು, ಅಂದರೆ ಜಿಲ್ಲಾ ಆಯೋಗ, ಕಾರವಾರದಲ್ಲಿದೆ. ಶಿರಸಿಯಿಂದ ಘಟ್ಟ ಇಳಿದು ಹೋಗಿ ಬರಲು ಒಂದು ದಿನ ಬೇಕು, ಆದರೆ ಆನ್‌ಲೈನಿನಲ್ಲೂ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಸರ್ವಿಸ್ ಸೆಂಟರಿನವರು ಗ್ರಾಹಕ ಹೇಳಿದ ಮಾತನ್ನು ಹೇಳಿದ ಹಾಗೇ ಜಾಬ್ ಕಾರ್ಡಿನಲ್ಲಿ ಬರೆಯಬೇಕು, ಬರೆಯದಿದ್ದರೆ ಸಹಿ ಹಾಕುವುದಿಲ್ಲ ಅನ್ನುವ ಗಟ್ಟಿತನ ನಮಗೂ ಬೇಕು. ಶಿರಸಿ, ಕಾರವಾರ, ಹೊನ್ನಾವರ, ದಾಂಡೇಲಿಯ ಆರ್‌ಟಿಒ ಕಚೇರಿಗಳಲ್ಲಿ ಯಾವ ಮಾಡೆಲ್ ವಾಪಸ್ ಕರೆದಿದ್ದಾರೆ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಗೋಡೆಗೆ ಅಂಟಿಸಬೇಕು. ನಿಮ್ಮ ಕಾರಿನ ಪುಟದಲ್ಲೂ ವಾರಕ್ಕೊಮ್ಮೆ ಆ ಪಟ್ಟಿಗೆ ಒಂದು ಮೂಲೆ ಕೊಡಿ. ಎರಡನೇ ಕೈಯಿಂದ ಗಾಡಿ ತಗೊಂಡವರಿಗೆ ಕಂಪನಿಯ ಪತ್ರ ಬರುವುದು ಕಷ್ಟ, ಪೇಪರ್ ಮಾತ್ರ ಎಲ್ಲರ ಮನೆಗೂ ಹೋಗುತ್ತದೆ.

ನಮ್ಮ ಸ್ಟ್ಯಾಂಡಿನಲ್ಲಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಗಾಡಿ ದಾರಿಯಲ್ಲಿ ನಿಂತರೆ ತಾರೀಕು, ಜಾಗ, ಮೀಟರಿನಲ್ಲಿ ಎಷ್ಟು ಕಿಲೋಮೀಟರ್, ಮಾಡೆಲ್, ಏನಾಯಿತು, ಇಷ್ಟು ಬರೆಯುವುದು. ಇವತ್ತಿಗೆ 11 ಬರಹ ಆಗಿದೆ. ಅದರಲ್ಲಿ ನಾಲ್ಕು ಒಂದೇ ಮಾಡೆಲ್‌ನದ್ದು. ಕುಮಟಾ, ಅಂಕೋಲಾ, ಭಟ್ಕಳದ ಸ್ಟ್ಯಾಂಡಿನವರೂ ಒಂದೊಂದು ನೋಟ್‌ಬುಕ್ ಇಡಿ, ತಿಂಗಳಿಗೊಮ್ಮೆ ಎಲ್ಲ ಸೇರಿಸಿ ಒಟ್ಟಿಗೆ ದೂರು ಹಾಕೋಣ.

ಇಂತಿ,
ಒಬ್ಬ ಬಾಡಿಗೆ ಕಾರು ಚಾಲಕ, ಶಿರಸಿ